ಕಂಪೈಲರ್ ಬಾಯಿ ಮುಚ್ಚಿಸುವ ಮುಂಚೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗಾಗಿ ಬರುತ್ತಿರುವ ಪಾಠಗಳನ್ನು ನಾನು ತಪ್ಪದೆ ಓದುತ್ತೇನೆ. ಕನ್ನಡದಲ್ಲಿ ಇಂಥದ್ದು ಬರುತ್ತಿದೆ ಎನ್ನುವುದೇ ಖುಷಿ. ಆದರೆ ಈಚಿನ ಒಂದು ಪಾಠದ ಕೊನೆಯಲ್ಲಿ ಕೊಟ್ಟ ಸಲಹೆಗೆ ನನ್ನ ತಕರಾರಿದೆ. ಪ್ರೋಗ್ರಾಂ ಸರಿಯಾಗಿ ಓಡುತ್ತಿದ್ದರೂ ಕೋಡ್ ಬರೆಯುವ ಎಡಿಟರ್‌ನಲ್ಲಿ ಎಚ್ಚರಿಕೆಯ ಹಳದಿ ಗೆರೆ ಕಾಣಿಸಿದರೆ ಗಾಬರಿಯಾಗಬೇಡಿ, ಕ್ಲಾಸಿನ (ಪ್ರೋಗ್ರಾಮಿನ ಒಂದು ದೊಡ್ಡ ಘಟಕ) ತಲೆಯ ಮೇಲೆ @ಸಪ್ರೆಸ್‌ವಾರ್ನಿಂಗ್ಸ್ ಎಂಬ ಒಂದು ಸಾಲು ಹಾಕಿಬಿಡಿ ಎಂಬ ಅರ್ಥದಲ್ಲಿ ಬರೆದಿದ್ದೀರಿ. ಹಾಕಿದರೆ ಗೆರೆ ಹೋಗುತ್ತದೆ, ನಿಜ. ಗೆರೆ ಯಾಕೆ ಬಂದಿತ್ತೋ ಆ ಕಾರಣ ಎಲ್ಲೂ ಹೋಗುವುದಿಲ್ಲ.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಸ್ಟೇಷನರಿ ಅಂಗಡಿಯ ಮಹಡಿ ಮೇಲೆ ಕೂತು ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವವನು. ದೊಡ್ಡ ಕಂಪನಿ ಏನಲ್ಲ. ನಾನು, ಹೊಸನಗರ ಕಡೆಯ ಡಿಪ್ಲೊಮಾ ಓದಿದ ಒಬ್ಬ ಹುಡುಗಿ, ಆಗಾಗ ಪ್ರಾಜೆಕ್ಟ್ ಮಾಡಲು ಬರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಇಷ್ಟೇ ಬಳಗ. ಆ ವಿದ್ಯಾರ್ಥಿಗಳಲ್ಲಿ ಒಬ್ಬ ನಿಮ್ಮ ಪುಟವನ್ನೇ ಕತ್ತರಿಸಿ ತಂದು, "ನೋಡಿ ಸರ್, ಪೇಪರಿನಲ್ಲೇ ಹಾಕಿದ್ದಾರೆ" ಎಂದು ನನ್ನ ಮುಂದೆ ಹಿಡಿದ. ಅಚ್ಚಾದದ್ದಕ್ಕೆ ನಮ್ಮ ಊರಿನಲ್ಲಿ ಇನ್ನೂ ಮರ್ಯಾದೆ ಇದೆ. ಅದಕ್ಕೇ ಈ ಪತ್ರ.

ಈ ವಿಷಯ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ನಾವು ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಸಾಧನವೇ ಕಂಪೈಲರ್. ಬರೆದದ್ದು ತಪ್ಪೇ ಆಗಿದ್ದರೆ ಅದು ಎರರ್ ಎಂದು ನಿಲ್ಲಿಸುತ್ತದೆ. ತಪ್ಪು ಎಂದು ಖಾತ್ರಿ ಇಲ್ಲ, ಆದರೆ ಅನುಮಾನ ಇದೆ ಎಂದಾದರೆ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಈ ಸಾಲನ್ನು ನಾನು ನೋಡಿಕೊಂಡಿದ್ದೇನೆ, ಇಲ್ಲಿ ವಾರ್ನಿಂಗ್ ಬೇಡ ಎಂದು ಕಂಪೈಲರ್‌ಗೆ ಕೋಡಿನ ಒಳಗೇ ಬರೆದು ತಿಳಿಸಲು ಜಾವಾದಲ್ಲಿ ಇರುವ ದಾರಿ ಈ @ ಗುರುತಿನ ಸಾಲು. ಅದನ್ನು ಅನೋಟೇಶನ್ ಎನ್ನುತ್ತಾರೆ. 2004ರಲ್ಲಿ ಬಂದ ಜಾವಾ 5ರ ಜೊತೆ ಇದು ಬಂತು.

ಬಾಯಿ ಮುಚ್ಚಿಸುವ ಚಾಳಿ ಅದಕ್ಕಿಂತ ಹಳೆಯದು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಯ ಪ್ರೋಗ್ರಾಮುಗಳಲ್ಲಿ ಅನುಮಾನದ ಜಾಗಗಳನ್ನು ಹುಡುಕುವ ಲಿಂಟ್ ಎಂಬ ಸಾಧನ ಬರೆದರು. ಲಿಂಟ್ ಗೊಣಗುವುದು ಜಾಸ್ತಿ. ಹಾಗಾಗಿ ಅದಕ್ಕೆ ಕಾಮೆಂಟ್ (ಕೋಡಿನ ನಡುವೆ ಬರೆದರೂ ಯಂತ್ರ ಓಡಿಸದ ಟಿಪ್ಪಣಿ) ರೂಪದಲ್ಲೇ ಸಮಾಧಾನ ಹೇಳುವ ಏರ್ಪಾಡೂ ಇತ್ತು. ಈ ಸಾಲಿಗೆ ಪ್ರೋಗ್ರಾಂ ಬರುವುದೇ ಇಲ್ಲ, ಈ ಫಂಕ್ಷನ್ನಿಗೆ ಕೊಟ್ಟ ಬೆಲೆಗಳನ್ನು ಬೇಕೆಂದೇ ಬಳಸಿಲ್ಲ, ಹೀಗೆಲ್ಲ ಬರೆದು ಸುಮ್ಮನಾಗಿಸಬಹುದಿತ್ತು. ಎಂದರೆ ಮುಚ್ಚುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಜಾವಾ ಬಳಸುವವರೆಲ್ಲರೂ ಪಟ್ಟಿ ಇಟ್ಟುಕೊಳ್ಳಲು ದಿನಾ ಬಳಸುವ ಅರೇಲಿಸ್ಟ್ ಎಂಬ ಕ್ಲಾಸ್ ಇದೆಯಲ್ಲ, ಅದರ ಮೂಲ ಕೋಡ್ ತೆರೆದು ನೋಡಿ. ಅಲ್ಲೂ ಈ ಅನೋಟೇಶನ್ ಇದೆ. ಪಟ್ಟಿಯ ಒಳಗಿನ ಒಂದು ವಸ್ತುವನ್ನು ತೆಗೆದುಕೊಡುವ, ಒಂದೇ ಸಾಲಿನ ಹೊಟ್ಟೆ ಇರುವ ಪುಟ್ಟ ಮೆಥಡ್ (ಕ್ಲಾಸಿನ ಒಳಗೆ ಒಂದು ಕೆಲಸ ಮಾಡುವ ತುಣುಕು) ಮೇಲೆ ಅದು ಕೂತಿದೆ. ಕ್ಲಾಸಿನ ತಲೆಯ ಮೇಲೆ ಇಲ್ಲ. ನಾನು ಹೇಳಬೇಕಾದ ಅರ್ಧ ಮಾತು ಇದೇ.

ಅಲ್ಲಿ ಯಾಕೆ ಬೇಕಾಯಿತು ಎನ್ನುವುದನ್ನೂ ಹೇಳಬೇಕು. ಜಾವಾ 5ರಲ್ಲಿ ಜೆನೆರಿಕ್ಸ್ ಬಂತು. ಇದು ಬರೀ ಸಂಖ್ಯೆಗಳ ಪಟ್ಟಿ, ಇದು ಬರೀ ಹೆಸರುಗಳ ಪಟ್ಟಿ ಎಂದು ಬರೆದು ಹೇಳುವ ಅನುಕೂಲ ಅದು. ಅಷ್ಟು ಹೊತ್ತಿಗೆ ಜಗತ್ತಿನ ತುಂಬಾ ಹಳೆಯ ಜಾವಾ ಕೋಡ್ ಓಡುತ್ತಿತ್ತು. ಹಳೆಯದೂ ಹೊಸದೂ ಜೊತೆಗೆ ನಡೆಯಬೇಕಲ್ಲ, ಅದಕ್ಕೆ ಒಂದು ಉಪಾಯ ಮಾಡಿದರು. ಕಂಪೈಲ್ ಮಾಡುವಾಗ ಮಾತ್ರ ಈ ಸಂಖ್ಯೆ, ಹೆಸರು ಎಂಬ ಗುರುತುಗಳನ್ನು ಪರೀಕ್ಷಿಸುವುದು, ಆಮೇಲೆ ಅಳಿಸಿಬಿಡುವುದು. ಪ್ರೋಗ್ರಾಂ ಓಡುವ ಹೊತ್ತಿಗೆ ಅದು ಬರೀ ಒಂದು ಪಟ್ಟಿ. ಒಳಗೆ ಏನಿದೆ ಎಂದು ಪಟ್ಟಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಕೆಲವು ಕಡೆ ಕಂಪೈಲರ್, ಇಲ್ಲಿ ನಾನು ಪರೀಕ್ಷೆ ಮಾಡಲಾರೆ, ಓಡುವಾಗಲೂ ಯಾರೂ ಮಾಡುವುದಿಲ್ಲ, ಹೊಣೆ ನಿಮ್ಮದು ಎನ್ನುತ್ತದೆ. ಅನ್‌ಚೆಕ್ಡ್ ವಾರ್ನಿಂಗ್ ಎಂದರೆ ಅದು. ಅರೇಲಿಸ್ಟ್ ಬರೆದವರು ಆ ಹೊಣೆಯನ್ನು ಹೊತ್ತು, ಆ ಒಂದು ಜಾಗದಲ್ಲಿ ಸಹಿ ಹಾಕಿದ್ದಾರೆ. ಅವರು ಒಳಗೆ ಹಾಕುವ ಬಾಗಿಲುಗಳನ್ನೆಲ್ಲ ಕಾದಿರುವುದರಿಂದ ತೆಗೆಯುವ ಬಾಗಿಲಲ್ಲಿ ಮೋಸ ಆಗುವುದಿಲ್ಲ.

ಇನ್ನು ನಮ್ಮ ಕಡೆಯ ಕತೆ. ಎಪಿಎಂಸಿ ಯಾರ್ಡಿನ ಒಂದು ಮಂಡಿಗೆ ಬೇರೆ ಯಾರೋ ಬರೆದುಕೊಟ್ಟಿದ್ದ ಪ್ರೋಗ್ರಾಂ ಇತ್ತು. ಬರೆದವರು ಊರು ಬಿಟ್ಟಿದ್ದರು. ಅಡಿಕೆ ಸುಗ್ಗಿಯ ಹೊಸದರಲ್ಲಿ, ಜೋರು ವ್ಯಾಪಾರದ ದಿನ, ಅಲ್ಲಿಯ ಗುಮಾಸ್ತರು ಫೋನ್ ಮಾಡಿದರು. "ಎಂತ ಮಾರಾಯ್ರೆ ಇದು, ತೂಕ ಎಲ್ಲ ತೋರಿಸ್ತದೆ, ಒಟ್ಟು ಮಾಡು ಅಂದ್ರೆ ಸತ್ತೇ ಹೋಗ್ತದೆ. ಇಲ್ಲಿ ರೈತರು ಚೀಲದ ಮೇಲೆ ಕೂತಿದ್ದಾರೆ, ನೀವೊಂದು ಸಲ ಬಂದು ನೋಡಿ." ಹೋದೆ. ಅವರು ಹೇಳಿದ್ದು ಅಕ್ಷರಶಃ ನಿಜ. ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ಮಾಡಿದ ಲಾಟುಗಳ ಒಂದೊಂದು ಚೀಲದ ತೂಕವೂ ಪರದೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು. ತೂಕದ ಹಾಳೆ ಪ್ರಿಂಟ್ ಕೂಡ ಆಗುತ್ತಿತ್ತು. ಒಟ್ಟು ತೂಕ ಕೂಡಿಸುವ ಗುಂಡಿ ಒತ್ತಿದ ಕೂಡಲೇ ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್ ಎಂಬ ಕೆಂಪು ಅಕ್ಷರ. ಅಕ್ಷರಗಳ ಸಾಲನ್ನು ಸಂಖ್ಯೆ ಎಂದುಕೊಳ್ಳಲು ಆಗುವುದಿಲ್ಲ ಎನ್ನುವುದು ಅದರ ದೂರು.

ದೂರು ಬಂದ ಸಾಲನ್ನು ನೋಡಿದರೆ ಅಲ್ಲಿ ಒಂದು ಐಬೂ ಇಲ್ಲ. ತೂಕಗಳ ಪಟ್ಟಿಯಿಂದ ಒಂದೊಂದೇ ಸಂಖ್ಯೆ ತೆಗೆದು ಕೂಡಿಸುತ್ತಿದೆ, ಅಷ್ಟೇ. ಪಟ್ಟಿಯ ಹಣೆಯ ಮೇಲೂ ಇದು ಸಂಖ್ಯೆಗಳ ಪಟ್ಟಿ ಎಂದು ಬರೆದಿದೆ. ಹಾಗಾದರೆ ಅಕ್ಷರ ಎಲ್ಲಿಂದ ಒಳಗೆ ಬಂತು? ಕಡತದ ಮೇಲ್ತುದಿಗೆ ಹೋದೆ. ಕ್ಲಾಸಿನ ತಲೆಯ ಮೇಲೆ ಅನ್‌ಚೆಕ್ಡ್, ರಾ ಟೈಪ್ಸ್ (ಒಳಗೆ ಏನಿದೆ ಎಂದು ಹೇಳದ ಬರೀ ಪಟ್ಟಿ ಬಳಸಿದಾಗಿನ ವಾರ್ನಿಂಗ್) ಎರಡನ್ನೂ ಮುಚ್ಚುವ ಅನೋಟೇಶನ್ ಕೂತಿತ್ತು. ಅದನ್ನು ಅಳಿಸಿ, ಎಲ್ಲ ವಾರ್ನಿಂಗನ್ನೂ ತೋರಿಸು ಎನ್ನುವ ಎಕ್ಸ್‌ಲಿಂಟ್ ಆಲ್ ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿದೆ. ಕಂಪೈಲರ್ ಬೊಟ್ಟು ಮಾಡಿ ತೋರಿಸಿತು. ದೂರು ಬಂದ ಸಾಲಿಗೂ ಅದಕ್ಕೂ ನೂರಾರು ಸಾಲು ದೂರ.

ಆದದ್ದು ಇಷ್ಟು. ಮೊದಲು ಬರೆದವರು ಒಂದು ಹಳೆಯ ರಿಪೋರ್ಟ್ ಲೈಬ್ರರಿ ಬಳಸಿದ್ದರು. ಅದು ಏನನ್ನು ಹೊತ್ತಿದ್ದೇನೆ ಎಂದು ಹೇಳದ ಬರೀ ಪಟ್ಟಿಗಳನ್ನು ಕೊಡುತ್ತಿತ್ತು. ವಾರ್ನಿಂಗ್ ಬಂತು. ಅವರು ಅದನ್ನು ಕ್ಲಾಸಿನ ಮಟ್ಟದಲ್ಲಿ ಮುಚ್ಚಿದರು. ಆ ದಿನಕ್ಕೆ ಅವರ ಲೆಕ್ಕ ಸರಿಯೇ ಇತ್ತು, ಆ ಲೈಬ್ರರಿಯಿಂದ ತೊಂದರೆ ಏನೂ ಆಗಲಿಲ್ಲ. ಆಮೇಲೆ ಮಂಡಿಯವರು ಕಂಪ್ಯೂಟರ್‌ಗೆ ತಂತಿ ಜೋಡಿಸುವ ಎಲೆಕ್ಟ್ರಾನಿಕ್ ತಕ್ಕಡಿ ತಂದರು. ತಕ್ಕಡಿ ತೂಕವನ್ನು ಅಕ್ಷರಗಳ ಸಾಲಾಗಿ ಕಳಿಸುತ್ತದೆ. ಅದನ್ನು ಜೋಡಿಸಲು ಬಂದ ಇನ್ನೊಬ್ಬ ಹುಡುಗ ಒಂದು ಹೊಸ ಮೆಥಡ್ ಬರೆದ. ಪಟ್ಟಿಯನ್ನು ಬರೀ ಪಟ್ಟಿ ಎಂದು ಒಳಗೆ ತೆಗೆದುಕೊಂಡು, ತಕ್ಕಡಿ ಕೊಟ್ಟ ಅಕ್ಷರಗಳನ್ನು ಸಂಖ್ಯೆಗೆ ಬದಲಿಸದೆ ಹಾಗೇ ಅದಕ್ಕೆ ತುರುಕಿದ. ಪ್ರಿಂಟ್ ಮಾಡುವಾಗ ಸಂಖ್ಯೆಯಾದರೂ ಅಷ್ಟೇ, ಅಕ್ಷರವಾದರೂ ಅಷ್ಟೇ, ಒಂದೇ ಥರ ಕಾಣುತ್ತದೆ. ಅವನು ಪ್ರಿಂಟ್ ನೋಡಿ ಸರಿ ಇದೆ ಎಂದು ಹೋದ. ಅವನು ಆ ಸಾಲು ಬರೆದ ಕ್ಷಣದಲ್ಲೇ ಕಂಪೈಲರ್ ಗೊಣಗಬೇಕಿತ್ತು. ಗೊಣಗಲು ಬಾಯಿ ಇರಲಿಲ್ಲ. ಅವನ ಮುಂಚಿನವರು ಅದನ್ನು ಬೇರೇನೋ ಕಾರಣಕ್ಕೆ ಹೊಲಿದಿಟ್ಟಿದ್ದರು.

ಇಲ್ಲಿ ಯಾರದು ತಪ್ಪು ಎಂದು ಕೂತು ತೀರ್ಮಾನ ಮಾಡುವುದು ನನಗೆ ಬೇಕಿಲ್ಲ. ಗಮನಿಸಬೇಕಾದ್ದು ಒಂದೇ. ಕ್ಲಾಸಿನ ಮೇಲೆ ಹಾಕಿದ ಅನೋಟೇಶನ್ ಇವತ್ತಿನ ವಾರ್ನಿಂಗನ್ನು ಮಾತ್ರ ಮುಚ್ಚುವುದಿಲ್ಲ. ನಾಳೆ ಯಾರೋ ಬಂದು ಅದೇ ಕ್ಲಾಸಿನಲ್ಲಿ ಬರೆಯುವ ಸಾಲಿನ ವಾರ್ನಿಂಗನ್ನೂ, ಅವರಿಗೆ ಗೊತ್ತೇ ಆಗದ ಹಾಗೆ, ಮುಂಗಡವಾಗಿ ಮುಚ್ಚಿರುತ್ತದೆ. ನಿಮ್ಮ ಪಾಠ ಓದುವ ಮಕ್ಕಳಿಗೆ ಇದು ತಿಳಿಯಬೇಕು. ಕಾಲೇಜಿನ ಪ್ರೋಗ್ರಾಂ ಒಬ್ಬರೇ ಬರೆದು, ಒಬ್ಬರೇ ಓಡಿಸಿ, ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಮುಗಿಸುವಂಥದ್ದು. ಹೊರಗಿನ ಪ್ರೋಗ್ರಾಂ ಹಾಗಲ್ಲ. ಅದು ಬರೆದವರ ಕೈ ದಾಟಿ ಹತ್ತಾರು ಕೈ ಸೇರುತ್ತದೆ.

ಮಳೆಗಾಲದಲ್ಲಿ ಕೊಳೆರೋಗ ಬರದಿರಲಿ ಎಂದು ನಮ್ಮವರು ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಾರಲ್ಲ, ಹಾಗೆ ಮಾಡಬೇಕು ಇದನ್ನು. ಒಂದೊಂದು ಕೊನೆಗೆ ಒಂದೊಂದು ಕೊಟ್ಟೆ. ಇಡೀ ತೋಟಕ್ಕೆ ಟಾರ್ಪಾಲು ಎಳೆದು ಮನೆಗೆ ಹೋಗಿ ಮಲಗಿದವರನ್ನು ನಾನಂತೂ ನೋಡಿಲ್ಲ.

ಜಾವಾದಲ್ಲಿ ಒಂದು ಸಣ್ಣ ತೊಡಕಿದೆ, ಅದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಈ ಅನೋಟೇಶನ್ನನ್ನು ಘೋಷಣೆಗಳ ಮೇಲೆ ಮಾತ್ರ ಹಾಕಬಹುದು. ಎಂದರೆ ಕ್ಲಾಸ್, ಮೆಥಡ್, ಫೀಲ್ಡ್, ಮೆಥಡ್ ಒಳಗಿನ ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು), ಇಂಥವುಗಳ ಮೇಲೆ. ಮೆಥಡ್‌ನ ಫಲಿತಾಂಶವನ್ನು ಹಿಂದಿರುಗಿಸುವ, ರಿಟರ್ನ್ ಎಂದು ಶುರುವಾಗುವ ಸಾಲಿನ ಮೇಲೆ ಹಾಕಲು ಬರುವುದಿಲ್ಲ. ವಾರ್ನಿಂಗ್ ಬರುವುದು ಬಹಳ ಸಲ ಅಲ್ಲೇ. ಹಾಕಲು ಹೋಗಿ ಎರರ್ ಬಂದಾಗ ಹುಡುಗರು ಬೇಸತ್ತು ಮೆಥಡ್ ಮೇಲೆ ಹಾಕುತ್ತಾರೆ, ಅಲ್ಲಿಂದ ಕ್ಲಾಸ್ ಮೇಲೆ ಏರಿಸುತ್ತಾರೆ. ಬೇಡ. ರಿಟರ್ನ್ ಮಾಡಬೇಕಾದ್ದನ್ನು ಮೊದಲು ಒಂದು ವೇರಿಯಬಲ್‌ಗೆ ಹಾಕಿಕೊಳ್ಳಿ. ಅನೋಟೇಶನ್ ಆ ವೇರಿಯಬಲ್ ಮೇಲೆ ಕೂರಲಿ. ಮುಂದಿನ ಸಾಲಿನಲ್ಲಿ ಅದನ್ನು ರಿಟರ್ನ್ ಮಾಡಿ. ಒಂದು ಸಾಲು ಹೆಚ್ಚಾಯಿತು, ಆದರೆ ಮುಚ್ಚಿದ್ದು ಆ ಒಂದು ಸಾಲು ಮಾತ್ರ.

ಎಕ್ಲಿಪ್ಸ್‌ನಂಥ ಎಡಿಟರ್‌ಗಳಲ್ಲಿ ಹಳದಿ ಗೆರೆಯ ಪಕ್ಕ ಒಂದು ಬಲ್ಬಿನ ಚಿತ್ರ ಬರುತ್ತದೆ. ಒತ್ತಿದರೆ ಅನೋಟೇಶನ್ ತಾನೇ ಹಾಕಿಕೊಡುತ್ತದೆ. ವೇರಿಯಬಲ್ ಮೇಲೆ ಹಾಕಲೋ ಮೆಥಡ್ ಮೇಲೆ ಹಾಕಲೋ ಎಂದು ಕೇಳುತ್ತದೆ ಕೂಡ. ಕೇಳಿದ್ದನ್ನು ಓದುವ ಪುರುಸೊತ್ತು ಯಾರಿಗಿದೆ? ಕೈಗೆ ಸಿಕ್ಕಿದ್ದನ್ನು ಒತ್ತುತ್ತಾರೆ. ಅಂದಹಾಗೆ, ನಿಮ್ಮ ಪಾಠದಲ್ಲಿ ಕೊಟ್ಟ ಉದಾಹರಣೆಗೆ ಮುಚ್ಚುವ ಅಗತ್ಯವೇ ಇರಲಿಲ್ಲ. ಬರೀ ಲಿಸ್ಟ್ ಎಂದು ಬರೆದ ಕಡೆ, ಕೋನಾಕಾರದ ಆವರಣದೊಳಗೆ ಸ್ಟ್ರಿಂಗ್ ಎಂದು ಸೇರಿಸಿದ್ದರೆ ಗೆರೆ ಬರುತ್ತಲೇ ಇರಲಿಲ್ಲ.

ಮುಚ್ಚಿದ ಮೇಲೆ ಪಕ್ಕದಲ್ಲಿ ಕಾರಣ ಬರೆಯಬೇಕು. ನನ್ನ ತಕರಾರಿನ ಇನ್ನರ್ಧ ಇದು. ನಮ್ಮ ಅಂಗಡಿಯಲ್ಲಿ ಕಾರಣವನ್ನು ಕನ್ನಡದಲ್ಲೇ ಬರೆಯುತ್ತೇವೆ. ಜಾವಾ ಮೊದಲಿನಿಂದಲೂ ಎಲ್ಲ ಲಿಪಿಗಳಿಗೂ ಜಾಗ ಇರುವ ಯೂನಿಕೋಡ್ ಒಪ್ಪುವ ಭಾಷೆ, ಕಡತವನ್ನು ಯುಟಿಎಫ್-8 ಮಾಡಿ ಉಳಿಸಿದರೆ ಕಾಮೆಂಟ್‌ನಲ್ಲಿ ಕನ್ನಡ ಸರಾಗ. ಬೇಕಿದ್ದರೆ ವೇರಿಯಬಲ್ ಹೆಸರೂ ಕನ್ನಡದಲ್ಲಿ ಇಡಬಹುದು, ಅಷ್ಟು ದೂರ ನಾವು ಹೋಗಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಹೇಳಿದರೆ ನಮ್ಮ ಹುಡುಗಿ ಸುಮ್ನೆ ‘ಸೇಫ್’ ಎಂದು ಒಂದು ಪದ ಹಾಕಿ ಮುಗಿಸುತ್ತಿದ್ದಳು. ಕನ್ನಡದಲ್ಲಿ ಬರೆ ಎಂದ ಮೇಲೆ, ಈ ಪಟ್ಟಿಗೆ ವಸ್ತು ಹಾಕುವುದು ಮೇಲಿನ ಒಂದೇ ಮೆಥಡ್, ಅಲ್ಲಿ ಸಂಖ್ಯೆ ಬಿಟ್ಟು ಬೇರೆ ಹಾಕುವುದಿಲ್ಲ, ಅದಕ್ಕೇ ಇಲ್ಲಿ ಮುಚ್ಚಿದೆ ಎಂದು ಪೂರ್ತಿ ವಾಕ್ಯ ಬರೆಯುತ್ತಾಳೆ. ಬರೆಯಲು ಹೋದಾಗ ಕಾರಣ ಹೊಳೆಯದೇ ಹೋಗುವುದೂ ಉಂಟು. ಆಗ ಅವಳೇ ಅನೋಟೇಶನ್ ತೆಗೆದು ಕೋಡ್ ಸರಿಮಾಡುತ್ತಾಳೆ.

ಕಾರಣ ತಿಳಿಯದೆ ಮುಚ್ಚಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಡೆಬಿಯನ್ (ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಒಂದು ರೂಪ) ಕತೆಯನ್ನು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಅದು ಕಂಪೈಲರ್ ವಾರ್ನಿಂಗ್ ಅಲ್ಲ, ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿಯನ್ನು ಕಾಯುವ ವಾಲ್‌ಗ್ರೈಂಡ್, ಪ್ಯೂರಿಫೈ ಎಂಬ ಸಾಧನಗಳು ಕೊಟ್ಟ ವಾರ್ನಿಂಗ್. ಸ್ವಭಾವ ಒಂದೇ. ಓಪನ್‌ಎಸ್‌ಎಸ್‌ಎಲ್ ಎನ್ನುವುದು ಇಂಟರ್ನೆಟ್ ಮೇಲಿನ ಗುಟ್ಟಿನ ಮಾತುಕತೆಗೆ ಬೀಗದ ಕೈ ಮಾಡಿಕೊಡುವ ಲೈಬ್ರರಿ. ಬೀಗದ ಕೈಯನ್ನು ಯಾರೂ ಊಹಿಸಬಾರದು ಎಂದರೆ ಅದಕ್ಕೆ ಗೊತ್ತುಗುರಿ ಇಲ್ಲದ ಸಂಖ್ಯೆಗಳ ಮೇವು ಬೇಕು. ಆ ಮೇವು ತಿನ್ನಿಸುವ ಎರಡು ಸಾಲುಗಳ ಬಗ್ಗೆ ಸಾಧನಗಳು, ಬೆಲೆ ತುಂಬದ ಮೆಮೊರಿಯನ್ನು ಓದುತ್ತಿದ್ದೀರಿ ಎಂದು ದೂರುತ್ತಿದ್ದವು. 2006ರಲ್ಲಿ ಡೆಬಿಯನ್ ಲಿನಕ್ಸ್‌ನ ಕಡೆಯಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಎರಡೂ ಸಾಲುಗಳನ್ನು ಕಾಮೆಂಟ್ ಆಗಿಸಿ ಓಡದಂತೆ ಮಾಡಿದರು. ದೂರು ನಿಂತಿತು. ಎರಡರಲ್ಲಿ ಒಂದು ಸಾಲು ಹೋದರೆ ನಷ್ಟವಿರಲಿಲ್ಲ. ಇನ್ನೊಂದೇ ನಿಜವಾದ ಮೇವು ಹಾಕುವ ಸಾಲು. ಅದು ಹೋದ ಮೇಲೆ ಮೇವಿನಲ್ಲಿ ಉಳಿದದ್ದು ಪ್ರೋಗ್ರಾಂ ಓಡುವಾಗ ಲಿನಕ್ಸ್ ಅದಕ್ಕೆ ಕೊಡುವ ಕ್ರಮಸಂಖ್ಯೆ ಮಾತ್ರ. ಅದು ಹೆಚ್ಚೆಂದರೆ 32,768 ಬಗೆ. ಹೊರಗಿನಿಂದ ನೋಡಿದರೆ ಬೀಗದ ಕೈಗಳು ಎಂದಿನ ಹಾಗೆ ಉದ್ದುದ್ದ, ಗೋಜಲು ಗೋಜಲು. ಒಂದು ಯಂತ್ರಕ್ಕೆ, ಒಂದು ಅಳತೆಗೆ ಆಗಬಹುದಾದ ಕೈಗಳನ್ನೆಲ್ಲ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಬಹುದಿತ್ತು. ಡೆಬಿಯನ್ ಮೇಲೆ ನಿಂತಿರುವ ಉಬುಂಟುವಿಗೂ ಇದು ಹರಡಿತು. 2008ರ ಮೇ ತಿಂಗಳಲ್ಲಿ ಬಯಲಿಗೆ ಬಂದಾಗ, ಆ ನಡುವೆ ಮಾಡಿದ ಕೈಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು.

ಆ ಮನುಷ್ಯರನ್ನು ಬೈಯುವುದು ಸುಲಭ. ಆ ಎರಡು ಸಾಲುಗಳ ಪಕ್ಕದಲ್ಲಿ, ಇದು ಮುಖ್ಯ, ತೆಗೆಯಬೇಡಿ, ದೂರು ಬಂದರೆ ಇಂಥ ಕಾರಣಕ್ಕೆ ಎಂದು ಮೊದಲು ಬರೆದವರು ಸ್ಪಷ್ಟವಾಗಿ ಹೇಳಿದ್ದರೆ? ಮುಚ್ಚಿದವರ ಹೊಣೆ ಎಷ್ಟೋ, ಕಾರಣ ಬರೆಯದೆ ಸುಮ್ಮನೆ ಬಿಟ್ಟವರ ಹೊಣೆಯೂ ಸ್ವಲ್ಪ ಇದೆ ಅನಿಸುತ್ತದೆ ನನಗೆ.

ಬರೆದ ಕಾರಣವೂ ಹಳತಾಗುತ್ತದೆ, ಅದೊಂದು ಬೇರೆ ತಲೆನೋವು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ಮೇಲೆದ್ದ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. 64 ಬಿಟ್‌ನ ದಶಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸಲು ಹೋಗಿ ಅದು ಉಕ್ಕಿತು. ಹಾಗೆ ಉಕ್ಕಬಹುದಾದ ಏಳು ಬೆಲೆಗಳಲ್ಲಿ ನಾಲ್ಕಕ್ಕೆ ಕಾವಲು ಹಾಕಿ ಮೂರನ್ನು ಬೇಕೆಂದೇ ಬಿಟ್ಟಿದ್ದರು. ಅವು ಅಷ್ಟು ದೊಡ್ಡದಾಗುವುದೇ ಇಲ್ಲ ಎಂಬ ಲೆಕ್ಕಾಚಾರ ಇತ್ತು. ಆ ಲೆಕ್ಕ ಹಿಂದಿನ ರಾಕೆಟ್ ಏರಿಯಾನ್ 4ಕ್ಕೆ ಸರಿ. ಹೊಸ ರಾಕೆಟ್ ಅದಕ್ಕಿಂತ ಜೋರಾಗಿ ಅಡ್ಡಕ್ಕೆ ಓಡುತ್ತಿತ್ತು. ಕಾರಣ ಇತ್ತು, ಕಾರಣಕ್ಕೆ ತಕ್ಕ ರಾಕೆಟ್ ಇರಲಿಲ್ಲ.

ಉಕ್ಕುವ ಮಾತು ಬಂದದ್ದರಿಂದ ಮಂಡಿಗೆ ನೇರ ಸಂಬಂಧಪಟ್ಟ ಒಂದು ವಿಷಯ. ಜಾವಾದಲ್ಲಿ ಪೂರ್ಣಾಂಕದ ವೇರಿಯಬಲ್‌ಗೆ 64.75 ಎಂದು ನೇರವಾಗಿ ತುಂಬಲು ಹೋದರೆ ಎರರ್. ಆದರೆ ಇರುವುದಕ್ಕೆ ಸೇರಿಸು ಎನ್ನುವ, ಕೂಡು ಗುರುತು ಮತ್ತು ಸಮ ಗುರುತು ಒಟ್ಟಿಗಿರುವ ಬರವಣಿಗೆ ಇದೆಯಲ್ಲ, ಅದರಲ್ಲಿ 64.75 ಸೇರಿಸಿದರೆ ಕಂಪೈಲರ್ ತುಟಿ ಪಿಟಕ್ಕೆನ್ನದೆ ಮುಕ್ಕಾಲನ್ನು ಕತ್ತರಿಸಿ ಬಿಸಾಡುತ್ತದೆ. ಭಾಷೆಯ ನಿಯಮವೇ ಹಾಗಿದೆ. 64.75 ಕಿಲೋ ತೂಗುವ ಹತ್ತು ಚೀಲ ಎಂದುಕೊಳ್ಳಿ. ಆಗಬೇಕಾದ್ದು 647.5 ಕಿಲೋ, ಕಂಪ್ಯೂಟರ್ ಹೇಳುವುದು 640. ಕ್ವಿಂಟಲ್‌ಗೆ 50,000 ರೂಪಾಯಿ ದರ ಹಿಡಿದರೂ ರೈತನಿಗೆ 3,750 ರೂಪಾಯಿ ಕೈಬಿಟ್ಟಿತು. ಇದಕ್ಕೆ ವಾರ್ನಿಂಗ್ ಕೊಡುವ ಏರ್ಪಾಡು ಬಂದದ್ದು 2023ರ ಜಾವಾ 20ರಲ್ಲಿ, ಅದೂ ಎಕ್ಸ್‌ಲಿಂಟ್ ಎಂದು ಕೇಳಿದರೆ ಮಾತ್ರ. ಇಷ್ಟು ವರ್ಷ ಕಾದು ಬಂದ ವಾರ್ನಿಂಗನ್ನು, ಬಂದ ದಿನವೇ ತಲೆಯ ಮೇಲಿನ ಒಂದು ಸಾಲಿನಿಂದ ಓಡಿಸುವುದು ಯಾವ ನ್ಯಾಯ ಹೇಳಿ?

ಜಾವಾ ಮಾಡುವವರಿಗೂ ನಮ್ಮ ಈ ಚಾಳಿ ಗೊತ್ತು. ಹಳತಾದ, ಬಳಸಬಾರದು ಎಂದು ಗುರುತು ಹಾಕಿದ ವಸ್ತುಗಳನ್ನು ಬಳಸಿದರೆ ಡೆಪ್ರಿಕೇಶನ್ ವಾರ್ನಿಂಗ್ ಬರುತ್ತದೆ. ಏಕಕಾಲಕ್ಕೆ ಹಲವು ಕೆಲಸ ಓಡಿಸಲು ಇರುವ ಥ್ರೆಡ್ ಕ್ಲಾಸಿನ ಸ್ಟಾಪ್ ಮೆಥಡ್‌ಗೆ ಆ ಗುರುತು ಬಿದ್ದದ್ದು 1998ರಲ್ಲಿ. ಆದರೂ ವರ್ಷಗಟ್ಟಲೆ ಅದು ಓಡುತ್ತಲೇ ಇತ್ತು. ಹಾಗಾಗಿ ಜನ ಆ ವಾರ್ನಿಂಗನ್ನು ಸಾರಾಸಗಟಾಗಿ ಮುಚ್ಚಿ ಕೂತರು. 2017ರ ಜಾವಾ 9ರಲ್ಲಿ, ಇದು ಬರೀ ಹಳತಲ್ಲ, ಮುಂದೆ ತೆಗೆದೇ ಹಾಕುತ್ತೇವೆ ಎಂದು ಹೇಳಲು ರಿಮೂವಲ್ ಎಂಬ ಬೇರೆಯೇ ವಾರ್ನಿಂಗ್ ತಂದರು. ಡೆಪ್ರಿಕೇಶನ್ ಮುಚ್ಚಿದವರಿಗೂ ಇದು ಕಾಣಿಸುತ್ತದೆ. ಬೇಕೆಂದೇ ಹಾಗೆ ಮಾಡಿದ್ದು. ಜಾವಾ 20ರಲ್ಲಿ ಆ ಸ್ಟಾಪ್ ಮೆಥಡ್ ಕರೆದರೆ ಎಕ್ಸೆಪ್ಶನ್ ಬರುವಂತೆ, ಬೇರೆ ಕೆಲಸ ಏನೂ ಆಗದಂತೆ ಮಾಡಿದರು.

ಇಷ್ಟೆಲ್ಲ ಹೇಳಿದರೂ, ವಾರ್ನಿಂಗ್ ಒಂದೂ ಇರಕೂಡದು ಎಂದು ಲ್ಯಾಬ್‌ನಲ್ಲಿ ಕೋಲು ಹಿಡಿದು ನಿಲ್ಲುವವರ ಪಕ್ಷ ನನ್ನದಲ್ಲ. ವಾರ್ನಿಂಗ್ ಬಂದರೆ ಎರರ್ ಬಂದಂತೆಯೇ ನಿಲ್ಲಿಸಿಬಿಡು ಎನ್ನುವ ಆಯ್ಕೆಯೂ ಕಂಪೈಲರ್‌ಗಳಲ್ಲಿ ಇದೆ. 2021ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳಾದ ಕರ್ನೆಲ್‌ಗೆ ಅದನ್ನು ಎಲ್ಲರಿಗೂ ಅನ್ವಯವಾಗುವಂತೆ ಹಾಕಿದರು. ಬೇರೆ ಬೇರೆ ಯಂತ್ರ, ಬೇರೆ ಬೇರೆ ಕಂಪೈಲರ್ ಇಟ್ಟುಕೊಂಡವರಿಗೆ ಕಂಪೈಲ್ ಆಗುವುದೇ ನಿಲ್ಲತೊಡಗಿತು. ಕೆಲವೇ ದಿನಗಳಲ್ಲಿ ಅದನ್ನು ಪರೀಕ್ಷೆಗಾಗಿ ಕಂಪೈಲ್ ಮಾಡುವವರಿಗೆ ಮಾತ್ರ ಎಂದು ಸಡಿಲ ಮಾಡಿದರು. ಕಲಿಯುವ ಮಕ್ಕಳಿಗೆ ಅಷ್ಟು ಬಿಗಿ ಮಾಡಿದರೆ ಅವರು ಇನ್ನೂ ಬೇಗ ಮುಚ್ಚುವ ಸಾಲು ಹುಡುಕುತ್ತಾರೆ, ಅಲ್ವಾ?

ನನಗೆ ಇಷ್ಟವಾದದ್ದು ರಸ್ಟ್ ಭಾಷೆಯವರ ದಾರಿ. ಅಲ್ಲಿ ಮುಚ್ಚಲು ಮೊದಲಿಂದಲೂ ಅಲೌ ಎಂಬುದಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ 1.81ನೇ ಆವೃತ್ತಿಯಿಂದ ಎಕ್ಸ್‌ಪೆಕ್ಟ್ ಎಂಬ ಇನ್ನೊಂದೂ ಇದೆ. ಇಲ್ಲಿ ಇಂಥ ವಾರ್ನಿಂಗ್ ಬರುತ್ತದೆ ಎಂದು ನನಗೆ ಗೊತ್ತು ಎಂದು ಬರೆಯುತ್ತೀರಿ. ಮುಂದೆ ಯಾರಾದರೂ ಕೋಡ್ ಸರಿಮಾಡಿ ಆ ವಾರ್ನಿಂಗ್ ಬರುವುದೇ ನಿಂತರೆ, ನೀವು ಹೇಳಿದ್ದು ಬರಲಿಲ್ಲ ಎಂದು ಕಂಪೈಲರ್ ಅದಕ್ಕೇ ಒಂದು ವಾರ್ನಿಂಗ್ ಕೊಡುತ್ತದೆ. ಕೆಲಸ ಮುಗಿದ ಮುಚ್ಚಳ ಅಲ್ಲೇ ಕೊಳೆಯುವುದಿಲ್ಲ. ಟೈಪ್‌ಸ್ಕ್ರಿಪ್ಟ್‌ನಲ್ಲಿ 2020ರಿಂದಲೇ ಇಂಥದ್ದೊಂದು ಇದೆ. ಕಾರಣ ಬರೆಯಲು ಕೂಡ ರಸ್ಟ್‌ನಲ್ಲಿ ಅನೋಟೇಶನ್ ಒಳಗೇ ಜಾಗ ಮಾಡಿಕೊಟ್ಟಿದ್ದಾರೆ. ಜಾವಾದವರಿಗೆ ಸದ್ಯ ಎಕ್ಲಿಪ್ಸ್‌ನ ಒಂದು ಆಯ್ಕೆ ಇದೆ, ಬೇಡವಾದ ಅನೋಟೇಶನ್ ಇದ್ದರೆ ಅದಕ್ಕೂ ಗೆರೆ ಎಳೆಯುತ್ತದೆ. ಲ್ಯಾಬ್‌ಗಳಲ್ಲಿ ಅದನ್ನು ಹಾಕಿಡಬಹುದು, ಖರ್ಚೇನೂ ಇಲ್ಲ.

ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳಿಗೆ ಒಂದು ಕೋರಿಕೆ. ಜಾವಾ ಕಂಪೈಲರ್ ತಾನಾಗಿಯೇ ಎಲ್ಲ ಹೇಳುವುದಿಲ್ಲ. ಈ ಕಡತದಲ್ಲಿ ಅನ್‌ಚೆಕ್ಡ್ ಕೆಲಸಗಳಿವೆ, ವಿವರ ಬೇಕಿದ್ದರೆ ಎಕ್ಸ್‌ಲಿಂಟ್ ಹಾಕಿ ಮತ್ತೆ ಕಂಪೈಲ್ ಮಾಡಿ ಎಂದು ಒಂದು ಸಣ್ಣ ಟಿಪ್ಪಣಿ ಕೊಟ್ಟು ಸುಮ್ಮನಾಗುತ್ತದೆ. ಆ ಟಿಪ್ಪಣಿ ಬಂದಾಗ ಮಕ್ಕಳು ನಿಮ್ಮ ಮುಖ ನೋಡುತ್ತಾರೆ. ನೀವು ಏನಿಲ್ಲ ಬಿಡು, ಔಟ್‌ಪುಟ್ ಬಂತಲ್ಲ ಎಂದರೆ ಅವರು ಅದನ್ನೇ ಮಂಡಿಗೂ ಬ್ಯಾಂಕಿಗೂ ಹೊತ್ತುಕೊಂಡು ಬರುತ್ತಾರೆ. ಒಂದೇ ಒಂದು ಸಲ ಎಕ್ಸ್‌ಲಿಂಟ್ ಹಾಕಿ, ಬಂದ ಸಾಲುಗಳನ್ನು ಅವರ ಕೈಲೇ ಓದಿಸಿ.

ಸಂಪಾದಕರೇ, ಅಂಕಣ ಬರೆಯುವವರಿಗೆ ಬಿಡುವಾದರೆ ವಾರ್ನಿಂಗ್ ಓದುವುದು ಹೇಗೆ ಎಂದು ಒಂದು ಪೂರ್ತಿ ಪಾಠ ಬರೆಸಿ. ತಕ್ಕಡಿಯ ಆ ಕೋಡನ್ನು, ಮಂಡಿಯ ಹೆಸರು ತೆಗೆದು, ಉದಾಹರಣೆಗೆ ಕೊಡಲು ಮಂಡಿ ಯಜಮಾನರು ಒಪ್ಪಿದ್ದಾರೆ. ಅವರು ಕೇಳಿದ್ದು ಇಷ್ಟೇ, "ಪೇಪರಿನಲ್ಲಿ ಬಂದ ಮೇಲೆ ನಮಗೊಂದು ಪ್ರತಿ ಕೊಡಿ ಮಾರಾಯ್ರೆ." ಯಾವುದಾದರೂ ಕಾಲೇಜಿನವರು ಕರೆದರೆ ನಾನೇ ಬಂದು ತೋರಿಸಲೂ ಸಿದ್ಧ. ಸುಗ್ಗಿ ಶುರುವಾಗುವ ಮುಂಚೆ ಕರೆಯಿರಿ, ಆಮೇಲೆ ನನಗೆ ತಲೆ ಕೆರೆಯಲೂ ಪುರುಸೊತ್ತು ಇರುವುದಿಲ್ಲ. ಪ್ರೊಜೆಕ್ಟರ್ ಇಲ್ಲದಿದ್ದರೂ ನಡೆಯುತ್ತದೆ, ಕರೆಂಟ್ ಇದ್ದರೆ ಸಾಕು.

ಇಂತಿ,
ದುರ್ಗಿಗುಡಿಯ ಓದುಗ, ಶಿವಮೊಗ್ಗ